ಉಕ್ರೇನಿನ ನುಡಿಯೂ ನಮ್ಮೂರ ನಾಲಿಗೆಯೂ

ಹಿಂದೂಪುರದ ಪೇಟೆಯಲ್ಲಿ ಅರ್ಧ ಗಂಟೆ ನಿಂತವರ ಕಿವಿಗೆ ಮೂರು ಭಾಷೆಗಳು ಬೀಳುತ್ತವೆ. ಹುಣಸೆಹಣ್ಣಿನ ಬೆಲೆಯನ್ನು ತೆಲುಗಿನಲ್ಲಿ ಕೇಳಿ, ಲೆಕ್ಕವನ್ನು ಕನ್ನಡದಲ್ಲಿ ಹಾಕಿ, ಗಾಡಿಯವನನ್ನು ಉರ್ದುವಿನಲ್ಲಿ ಕರೆಯುವವರು ಇಲ್ಲಿ ಅಪರೂಪವಲ್ಲ. ಮಡಕಶಿರದ ಕಡೆಯಲ್ಲೂ ಕಲ್ಯಾಣದುರ್ಗದ ಕಡೆಯಲ್ಲೂ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಎಂಬಂತೆ ಬೆಳೆದ ಮಕ್ಕಳು ಬಹಳ. ಇದನ್ನು ನಾವು ಒಂದು ವಿದ್ಯೆಯೆಂದು ಎಣಿಸುವುದೇ ಇಲ್ಲ. ಗಾಳಿ ನೀರಿನ ಹಾಗೆ ತಾನಾಗಿ ಬಂದದ್ದಕ್ಕೆ ಬೆಲೆ ಕಟ್ಟುವವರು ಕಡಿಮೆ.

ಈ ವಿದ್ಯೆಯ ಬೆಲೆ ಎಷ್ಟೆಂಬುದನ್ನು ದೂರದ ಒಂದು ಭಾಷೆಯನ್ನು ಮುಂದಿಟ್ಟುಕೊಂಡು ನೋಡೋಣ. ಅದು ಉಕ್ರೇನಿಯನ್ ಭಾಷೆ. ಇಂಗ್ಲಿಷ್ ಮಾತೃಭಾಷೆಯಾದವರು ಅದನ್ನು ಕಲಿಯಹೊರಟರೆ ಎಲ್ಲಿ ಎಡವುತ್ತಾರೆ, ನಮ್ಮ ಕಡೆಯ ಹುಡುಗನೋ ಹುಡುಗಿಯೋ ಕಲಿತರೆ ಎಲ್ಲಿ ಸಲೀಸು, ಎಲ್ಲಿ ತೊಡಕು ಎಂಬುದೇ ಈ ಲೇಖನದ ವಿಷಯ.

ಉಕ್ರೇನಿಯನ್ನೇ ಏಕೆ?

ಈ ಪ್ರಶ್ನೆ ಸಹಜ. ಕರ್ನಾಟಕ ಮತ್ತು ಆಂಧ್ರದ ಅನೇಕ ವಿದ್ಯಾರ್ಥಿಗಳು ವೈದ್ಯಕೀಯ ಶಿಕ್ಷಣಕ್ಕೆಂದು ಆ ದೇಶಕ್ಕೆ ಹೋದವರು. 2022ರ ಫೆಬ್ರವರಿ 24ರಂದು ರಷ್ಯಾ ಅದರ ಮೇಲೆ ದೊಡ್ಡ ದಾಳಿ ಆರಂಭಿಸಿದಾಗ ಅಲ್ಲಿಂದ ಮರಳಿದ ಭಾರತೀಯರು 20,000ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ವಿದ್ಯಾರ್ಥಿಗಳು. ಅವರನ್ನು ಕರೆತಂದ ಸರ್ಕಾರದ ಕಾರ್ಯಾಚರಣೆಗೆ ‘ಆಪರೇಷನ್ ಗಂಗಾ’ ಎಂದು ಹೆಸರಿತ್ತು. ಹಾವೇರಿ ಜಿಲ್ಲೆಯ ಚಳಗೇರಿಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಮಾರ್ಚ್ 1ರಂದು ಖಾರ್ಕೀವ್ ನಗರದಲ್ಲಿ ದಾಳಿಗೆ ಸಿಕ್ಕಿ ತೀರಿಕೊಂಡದ್ದನ್ನು ನಮ್ಮ ಹಿರಿಯರು ಮರೆತಿರಲಾರರು. ಆ ದಿನಗಳಲ್ಲಿ ಕನ್ನಡದ ಮನೆಮನೆಯಲ್ಲೂ ಆ ಊರುಗಳ ಹೆಸರುಗಳು ಬಂದುಹೋದವು.

ಆ ವಿದ್ಯಾರ್ಥಿಗಳಲ್ಲಿ ಬಹಳ ಮಂದಿಗೆ ತರಗತಿಯ ಪಾಠ ಇಂಗ್ಲಿಷಿನಲ್ಲಿ. ಆದರೆ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದ ಅಜ್ಜಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಆಕೆ ಉಕ್ರೇನಿಯನ್ನಿನಲ್ಲೋ ರಷ್ಯನ್ನಿನಲ್ಲೋ ನೋವು ಹೇಳಿಕೊಳ್ಳುತ್ತಾಳೆ. ವೈದ್ಯನಾಗುವವನು ಅದನ್ನು ಕೇಳಿ ತಿಳಿಯಬೇಕು, ಆಕೆಗೆ ತಿಳಿಯುವ ಹಾಗೆ ಮಾತನಾಡಬೇಕು. ಉಚ್ಚಾರಣೆ ಎಂಬುದು ಇಲ್ಲಿ ಒಣ ಅಂದಚೆಂದದ ಮಾತಲ್ಲ.

ಇಂಗ್ಲಿಷಿನ ಕನ್ನಡಕ ಹಾಕಿ ನೋಡಿದರೆ

ಉಕ್ರೇನಿಯನ್ ವರ್ಣಮಾಲೆಯಲ್ಲಿ 33 ಅಕ್ಷರಗಳಿವೆ. ಅದರ ಲಿಪಿಯ ಹೆಸರು ಸಿರಿಲಿಕ್. ಅದರಲ್ಲಿ ಕೆಲವು ಅಕ್ಷರಗಳು ನೋಡಲು ಇಂಗ್ಲಿಷ್ ಅಕ್ಷರಗಳಂತೆಯೇ ಇವೆ. ಮೋಸವಿರುವುದು ಇಲ್ಲಿಯೇ. ಇಂಗ್ಲಿಷಿನ ‘ಪಿ’ಯಂತೆ ಕಾಣುವುದು ಅಲ್ಲಿ ‘ರ’. ‘ಸಿ’ಯಂತೆ ಕಾಣುವುದು ‘ಸ’. ದೊಡ್ಡ ‘ಎಚ್’ನಂತೆ ಕಾಣುವುದು ‘ನ’. ದೊಡ್ಡ ‘ಬಿ’ಯಂತೆ ಕಾಣುವುದು ‘ವ’. ಊಟದ ಹೋಟೆಲಿನ ಮುಂದೆ ದೊಡ್ಡ ಅಕ್ಷರಗಳಲ್ಲಿ ಬರೆದ ಫಲಕವನ್ನು ಇಂಗ್ಲಿಷ್ ಬಲ್ಲವನು ‘ಪೆಕ್ಟೋಪಾ’ ಎಂದು ಓದಿಬಿಡುತ್ತಾನೆ! ಅಲ್ಲಿ ಬರೆದಿರುವುದು ‘ರೆಸ್ತೊರಾನ್’, ಅಂದರೆ ನಮ್ಮ ‘ರೆಸ್ಟೋರೆಂಟ್’.

ಲಿಪಿಯ ಮೋಸ ಎರಡು ವಾರದಲ್ಲಿ ಬಿಟ್ಟುಹೋಗುತ್ತದೆ. ಧ್ವನಿಯ ಮೋಸ ಅಷ್ಟು ಬೇಗ ಬಿಡುವುದಿಲ್ಲ. ನಾವು ಆ ದೇಶವನ್ನು ‘ಉಕ್ರೇನ್’ ಎನ್ನುವುದು ಇಂಗ್ಲಿಷಿನಿಂದ ಬಂದ ರೂಢಿ. ಆ ದೇಶದವರು ಹೇಳುವುದು ‘ಉಕ್ರಾಯೀನಾ’ ಎಂದು, ‘ಯೀ’ ಅಕ್ಷರವನ್ನು ಒತ್ತಿ. ರಾಜಧಾನಿಯನ್ನು ಬಹುಕಾಲ ಇಂಗ್ಲಿಷ್ ಪುಸ್ತಕಗಳು ರಷ್ಯನ್ ರೂಪವನ್ನು ಅನುಸರಿಸಿ ‘ಕೀಯೆವ್’ ಎಂದು ಬರೆದವು. ಊರಿನವರ ಬಾಯಲ್ಲಿ ಅದು ‘ಕಿಯೀವ್’. ತಮ್ಮ ಹೆಸರನ್ನು ತಮ್ಮ ನುಡಿಯಂತೆ ಬರೆಯಿರಿ ಎಂದು ಅವರು 1995ರಲ್ಲೇ ಇಂಗ್ಲಿಷ್ ಅಕ್ಷರಗಳ ರೂಪವನ್ನು ಗೊತ್ತುಪಡಿಸಿದರು. ನಮಗೆ ಇದು ಹೊಸ ಮಾತೇನಲ್ಲ. ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’, ‘ಬೆಲ್ಲಾರಿ’ ಹೋಗಿ ‘ಬಳ್ಳಾರಿ’ ಎಂದು ಇಂಗ್ಲಿಷಿನಲ್ಲೂ ಆದದ್ದು 2014ರ ನವೆಂಬರ್ 1ರಂದು. ಊರಿನ ಹೆಸರನ್ನು ಊರಿನವರ ಹಾಗೆ ಹೇಳುವುದು ಅವರಿಗೆ ಸಲ್ಲಿಸುವ ಮೊದಲ ಮರ್ಯಾದೆ.

ನಮ್ಮ ವರ್ಣಮಾಲೆಯ ಉಪಕಾರ

ಇಂಗ್ಲಿಷಿನ ‘ಎ, ಬಿ, ಸಿ’ ಸಾಲಿಗೆ ಯಾವ ಕ್ರಮವೂ ಇಲ್ಲ. ನಮ್ಮ ‘ಕ ಚ ಟ ತ ಪ’ ಹಾಗಲ್ಲ. ಗಂಟಲಿನ ಕಡೆಯಿಂದ ಹೊರಟು ಅಂಗಳು, ಹಲ್ಲು, ತುಟಿಗಳವರೆಗೆ ಬಾಯಿಯೊಳಗಿನ ದಾರಿಯನ್ನೇ ಅದು ತೋರಿಸುತ್ತದೆ. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ವ್ಯಾಕರಣದ ತರಗತಿಯಲ್ಲಿ ಕಂಠಪಾಠ ಮಾಡುವಾಗ ಇದರಿಂದ ಏನು ಪ್ರಯೋಜನ ಎಂದು ಕೆಲವರು ಗೊಣಗುವುದುಂಟು. ಹೊಸ ಭಾಷೆ ಕಲಿಯುವಾಗ ಅದರ ಪ್ರಯೋಜನ ತಿಳಿಯುತ್ತದೆ.

ಮೊದಲು ‘ತ’ ಮತ್ತು ‘ದ’. ಇಂಗ್ಲಿಷರು ನಾಲಿಗೆಯ ತುದಿಯನ್ನು ಹಲ್ಲಿಗಿಂತ ಮೇಲೆ, ವಸಡಿನ ದಿಬ್ಬಕ್ಕೆ ತಾಗಿಸುತ್ತಾರೆ. ಆದ್ದರಿಂದಲೇ ಅವರ ಮಾತು ನಮಗೆ ‘ಟೇಬಲ್’, ‘ಡಾಕ್ಟರ್’ ಎಂದು ಕೇಳಿಸಿತು. ಉಕ್ರೇನಿಯನ್ನರ ‘ತ, ದ, ನ’ ಹಲ್ಲಿಗೇ ತಾಗುತ್ತವೆ, ನಮ್ಮವುಗಳಂತೆ. ಇಂಗ್ಲಿಷನು ಇದನ್ನು ಹೊಸದಾಗಿ ಕಲಿಯಬೇಕು. ನಾವು ‘ತಂದೆ’ ಎಂದು ಹೇಳಿದರೆ ಸಾಕು, ನಾಲಿಗೆ ಸರಿಯಾದ ಸ್ಥಾನದಲ್ಲಿರುತ್ತದೆ. ಆ ಭಾಷೆಯಲ್ಲಿ ‘ಟ, ಡ, ಣ, ಳ’ ಇಲ್ಲವೇ ಇಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಎರಡನೆಯದು ಉಸಿರು. ತುಟಿಯ ಮುಂದೆ ಒಂದು ತೆಳ್ಳನೆಯ ಕಾಗದದ ಚೂರನ್ನು ಹಿಡಿದು ‘ಪಾಲು’ ಎನ್ನಿರಿ. ಕಾಗದ ಅಷ್ಟಾಗಿ ಅಲುಗದು. ಇಂಗ್ಲಿಷರು ಪದದ ಮೊದಲಲ್ಲಿ ಬರುವ ‘ಪ, ತ, ಕ’ಗಳನ್ನು ಉಸಿರು ಚಿಮ್ಮಿಸಿ, ಸ್ವಲ್ಪ ಮಹಾಪ್ರಾಣದಂತೆ ನುಡಿಯುತ್ತಾರೆ, ಕಾಗದ ಹಾರುತ್ತದೆ. ಉಕ್ರೇನಿಯನ್ನಿನಲ್ಲಿ ಈ ಉಸಿರು ಬೇಡ. ಇಲ್ಲಿಯೂ ನಮ್ಮ ಅಲ್ಪಪ್ರಾಣವೇ ಸರಿ.

ಮೂರನೆಯದು ‘ರ’. ಉಕ್ರೇನಿಯನ್ನಿನಲ್ಲಿ ನಾಲಿಗೆಯ ತುದಿ ನಡುಗಬೇಕು. ಇಂಗ್ಲೆಂಡಿನವರಲ್ಲಿ ಹಲವರು ಪದದ ಕೊನೆಯ ‘ರ’ವನ್ನು ನುಂಗಿಬಿಡುತ್ತಾರೆ. ನಮಗೆ ‘ಊರು, ಕೆರೆ, ರಾಗಿ’ ಎಂಬವುಗಳಿಂದ ಅಭ್ಯಾಸ ಆಗಿಯೇ ಇದೆ.

ನಾಲ್ಕನೆಯದು ‘ವ’. ಇಂಗ್ಲಿಷಿನಲ್ಲಿ ಎರಡು ‘ವ’ಗಳಿವೆ. ಒಂದರಲ್ಲಿ ಹಲ್ಲು ತುಟಿಗೆ ಉಜ್ಜುತ್ತದೆ, ಇನ್ನೊಂದರಲ್ಲಿ ತುಟಿ ದುಂಡಗಾಗುತ್ತದೆ. ನಮ್ಮ ‘ವ’ ಇವೆರಡರ ನಡುವಿನದು. ಉಕ್ರೇನಿಯನ್ನರದೂ ಸುಮಾರಾಗಿ ಹಾಗೆಯೇ. ಪದದ ಕೊನೆಗೆ ಬಂದಾಗ ಮಾತ್ರ ಅದು ಕರಗಿ ‘ಉ’ ಕಡೆಗೆ ತಿರುಗುತ್ತದೆ. ‘ಕಿಯೀವ್’, ‘ಖಾರ್ಕೀವ್’, ‘ಲ್ವೀವ್’ ಎಂಬ ಊರುಗಳ ಕೊನೆಯನ್ನು ಹಲ್ಲು ಕಚ್ಚದೆ, ತುಟಿ ದುಂಡಗೆ ಮಾಡಿ ಮುಗಿಸಬೇಕು.

ಐದನೆಯದು ಎಲ್ಲಕ್ಕಿಂತ ಸ್ವಾರಸ್ಯವಾದದ್ದು: ‘ಹ’. ಇಂಗ್ಲಿಷರ ‘ಹ’ ಬರಿಯ ಉಸಿರು, ಅದರಲ್ಲಿ ನಾದವಿಲ್ಲ. ಕೊರಳಿನ ಮೇಲೆ ಬೆರಳಿಟ್ಟು ‘ಮಹಾ’ ಎನ್ನಿರಿ. ‘ಹ’ ಬರುವಾಗಲೂ ಕೊರಳು ನಡುಗುತ್ತದೆ. ನಮ್ಮ ದೇಶದ ಪ್ರಾಚೀನ ವೈಯಾಕರಣರು ಹಕಾರವನ್ನು ಘೋಷವರ್ಣ, ಎಂದರೆ ನಾದವುಳ್ಳ ವರ್ಣ ಎಂದೇ ಎಣಿಸಿದರು. ಉಕ್ರೇನಿಯನ್ನಿನ ‘ಹ’ ಕೂಡ ನಾದವುಳ್ಳದ್ದು. ತಲೆಗೆ ಆ ಭಾಷೆಯಲ್ಲಿ ‘ಹೊಲೊವಾ’ ಎನ್ನುತ್ತಾರೆ. ಇಂಗ್ಲಿಷನು ಇದಕ್ಕಾಗಿ ಬಹಳ ದಿನ ತಿಣುಕುತ್ತಾನೆ. ನಮಗೆ ಅದು ಮನೆಯ ಸ್ವತ್ತು. ಹಾಲನ್ನು ‘ಆಲು’ ಎನ್ನುವ ಆಡುಮಾತಿನ ಅಭ್ಯಾಸವಿದ್ದವರು ಮಾತ್ರ ಎಚ್ಚರದಿಂದಿರಬೇಕು, ಹಕಾರ ಬಿಟ್ಟರೆ ತಲೆಯೇ ಹೋಯಿತು!

ಇನ್ನು ಒತ್ತಕ್ಷರಗಳು. ‘ಅಕ್ಕ, ಅಣ್ಣ, ಅಪ್ಪ, ಅಮ್ಮ’ ಎಂದು ಮಾತು ಕಲಿತ ನಮಗೆ ವ್ಯಂಜನವನ್ನು ಇಮ್ಮಡಿ ಹಿಡಿದು ನುಡಿಯುವುದು ಸಹಜ. ಇಂಗ್ಲಿಷಿನಲ್ಲಿ ಒಂದೇ ಅಕ್ಷರವನ್ನು ಎರಡು ಬಾರಿ ಬರೆದರೂ ಪದದ ಒಳಗೆ ಒಂದೇ ಆಗಿ ನುಡಿಯುತ್ತಾರೆ. ಉಕ್ರೇನಿಯನ್ನಿನಲ್ಲಿ ಬದುಕು ಎಂಬ ಅರ್ಥದ ಪದದಲ್ಲಿ ‘ತ್ತ’ ಇದೆ, ಜ್ಞಾನ ಎಂಬ ಅರ್ಥದ ಪದದಲ್ಲಿ ‘ನ್ನ’ ಇದೆ. ಎರಡನ್ನೂ ನಮ್ಮಂತೆ ಹಿಡಿದು ನುಡಿಯಬೇಕು. ‘ಪಶ್ಚಿಮ, ಆಶ್ಚರ್ಯ, ನಿಶ್ಚಯ’ ಎನ್ನುವಾಗ ಬರುವ ‘ಶ್ಚ’ ಎಂಬ ಕೂಡಕ್ಷರಕ್ಕೆ ಹತ್ತಿರದ ಧ್ವನಿಗೆ ಅಲ್ಲಿ ಒಂದು ಅಕ್ಷರವೇ ಉಂಟು. ಅವರ ಹೆಸರಾಂತ ಬೀಟ್‌ರೂಟ್ ಸಾರು ‘ಬೊರ್ಶ್ಚ್’. ಉಕ್ರೇನಿನ ಬೊರ್ಶ್ಚ್ ಅಡುಗೆಯ ಸಂಪ್ರದಾಯವನ್ನು ಯುನೆಸ್ಕೋ ಸಂಸ್ಥೆ 2022ರಲ್ಲಿ ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಇಂಗ್ಲಿಷಿನಲ್ಲಿ ಈ ಸಾರಿನ ಹೆಸರು ‘ಬೋರ್ಷ್ಟ್’ ಎಂದಾಗಿಹೋಗಿದೆ.

ಸ್ವರಗಳಲ್ಲೂ ನಮಗೆ ಅನುಕೂಲವಿದೆ. ಇಂಗ್ಲಿಷಿನಲ್ಲಿ ಒತ್ತಿ ನುಡಿಯದ ಸ್ವರ ಮಬ್ಬಾಗುತ್ತದೆ. ರಷ್ಯನ್ನಿನಲ್ಲೂ ಹಾಗೆಯೇ, ಅವರು ಹಾಲಿಗೆ ‘ಮೊಲೊಕೊ’ ಎಂದು ಬರೆದು ‘ಮಲಕೊ’ ಎಂದು ಓದುತ್ತಾರೆ. ಉಕ್ರೇನಿಯನ್ನರು ಬರೆದ ಹಾಗೆಯೇ ‘ಮೊಲೊಕೊ’ ಎಂದು ಮೂರು ‘ಒ’ಗಳನ್ನೂ ಸ್ಪಷ್ಟವಾಗಿ ನುಡಿಯುತ್ತಾರೆ. ಬರೆದಂತೆ ಓದು, ಓದಿದಂತೆ ಬರೆ ಎಂಬ ನಮ್ಮ ರೀತಿಗೆ ಇದು ಹತ್ತಿರ. ಅವರ ‘ಆ’ ಕಾರದ ಬಗ್ಗೆ ಒಂದು ಮಾತು: ಬಾಯಿ ನಮ್ಮ ‘ಆ’ದಷ್ಟು ತೆರೆಯಬೇಕು, ಆದರೆ ಅಷ್ಟು ಎಳೆಯಬಾರದು. ಇಲ್ಲಿ ಬರೆದ ‘ಆ’ಗಳನ್ನೆಲ್ಲ ಹಾಗೆ ಓದಿಕೊಳ್ಳಿರಿ.

ನೆರೆಹೊರೆಯ ಕೊಡುಗೆ

ಕನ್ನಡದಲ್ಲಿ ಇಲ್ಲದ ಕೆಲವು ಧ್ವನಿಗಳು ನಮ್ಮೂರಿನಲ್ಲಿ ಇವೆ. ತೆಲುಗಿನಲ್ಲಿ ಚಳಿಗೆ ‘ಚಲಿ’ ಎನ್ನುತ್ತಾರೆ, ‘ಸಾಕು’ ಎಂಬುದಕ್ಕೆ ‘ಚಾಲು’ ಎನ್ನುತ್ತಾರೆ. ಆದರೆ ಆ ‘ಚ’ ನಮ್ಮ ‘ಚಕ್ರ’ದ ಚಕಾರವಲ್ಲ. ನಾಲಿಗೆ ಅಂಗಳಿಗೆ ಹೋಗದೆ ಹಲ್ಲಿನ ಬಳಿ ನಿಂತು ‘ತ್ಸಲಿ’, ‘ತ್ಸಾಲು’ ಎಂಬಂತೆ ಕೇಳಿಸುತ್ತದೆ. ಜಡೆಗೆ ಹೇಳುವ ‘ಜಡ’ದ ಜಕಾರವೂ ಹಾಗೆಯೇ. ಇವುಗಳಿಗೆ ದಂತ್ಯ ಚಕಾರ, ದಂತ್ಯ ಜಕಾರ ಎಂದು ಹೆಸರು. ಹಳೆಯ ತೆಲುಗು ಪುಸ್ತಕಗಳಲ್ಲಿ ಇವಕ್ಕೆ ಬೇರೆ ಗುರುತನ್ನೂ ಹಾಕುತ್ತಿದ್ದರು. ಉಕ್ರೇನಿಯನ್ನಿನಲ್ಲಿ ಈ ಎರಡೂ ಧ್ವನಿಗಳು ಧಾರಾಳ. ಸಕ್ಕರೆ ಅಲ್ಲಿ ‘ತ್ಸುಕೊರ್’, ಈರುಳ್ಳಿ ‘ತ್ಸಿಬುಲ್ಯಾ’, ಕನ್ನಡಿ ‘ದ್ಜ಼ೆರ್ಕಾಲೊ’. ಪದದ ಮೊದಲಲ್ಲಿ ‘ತ್ಸ’ ನುಡಿಯುವುದು ಇಂಗ್ಲಿಷರಿಗೆ ರೂಢಿಯಿಲ್ಲ. ಹಿಂದೂಪುರದ ಹುಡುಗನಿಗೆ ಅದು ದಿನಬಳಕೆಯದು.

ಇನ್ನೊಂದು ಧ್ವನಿಯನ್ನು ಉರ್ದು ಮಾತನಾಡುವ ಗೆಳೆಯರಿಂದ ಪಡೆಯಬಹುದು. ಅವರು ‘ಖಬರ್’, ‘ಖಾನ್’ ಎನ್ನುವಾಗ ‘ಖ’ ನಮ್ಮ ಮಹಾಪ್ರಾಣದಂತಿರದೆ, ಗಂಟಲಿನಲ್ಲಿ ಗಾಳಿ ಉಜ್ಜಿದಂತೆ ಬರುತ್ತದೆ. ‘ಖಾರ್ಕೀವ್’ ನಗರದ ಮೊದಲ ಅಕ್ಷರ ಅದಕ್ಕೆ ಬಹಳ ಹತ್ತಿರ. ರೊಟ್ಟಿಗೆ ಅಲ್ಲಿ ‘ಖ್ಲೀಬ್’ ಎನ್ನುತ್ತಾರೆ. ಒಂದೇ ಬೆಂಚಿನ ಮೇಲೆ ಕುಳಿತ ಗೆಳೆಯನ ಮಾತನ್ನು ಕಿವಿಗೊಟ್ಟು ಕೇಳಿದರೆ ಎಷ್ಟು ಲಾಭವಿದೆ ನೋಡಿರಿ!

ನಾವು ಕಷ್ಟಪಡಬೇಕಾದ ಕಡೆ

ಇಷ್ಟು ಓದಿ ಎಲ್ಲವೂ ಸುಲಭವೆಂದು ಬೀಗಬಾರದು. ನಮ್ಮ ನಾಲಿಗೆಗೂ ತನ್ನದೇ ಆದ ಹಟಗಳಿವೆ.

ಒಂದು: ಎರಡು ಬಗೆಯ ‘ಇ’. ಕನ್ನಡದಲ್ಲಿ ‘ಇ’ ಮತ್ತು ‘ಈ’ಗಳನ್ನು ನಾವು ಮುಖ್ಯವಾಗಿ ಕಾಲದ ಉದ್ದದಿಂದ ಗುರುತಿಸುತ್ತೇವೆ. ಉಕ್ರೇನಿಯನ್ನಿನಲ್ಲಿ ಉದ್ದದ ಲೆಕ್ಕವಿಲ್ಲ, ನಾಲಿಗೆಯ ಎತ್ತರದ ಲೆಕ್ಕವಿದೆ. ಒಂದು ಸ್ವರ ನಮ್ಮ ‘ಈ’ಯಂತೆ, ನಾಲಿಗೆ ಮೇಲೆದ್ದು ಬರುತ್ತದೆ. ಇನ್ನೊಂದು ‘ಇ’ ಮತ್ತು ‘ಎ’ಗಳ ನಡುವೆ, ನಾಲಿಗೆ ತುಸು ತಗ್ಗಿ ಬರುತ್ತದೆ. ಬರವಣಿಗೆಯ ಅನುಕೂಲಕ್ಕಾಗಿ ಮೊದಲಿನದನ್ನು ‘ಈ’ ಎಂದೂ ಎರಡನೆಯದನ್ನು ‘ಇ’ ಎಂದೂ ಈ ಲೇಖನದಲ್ಲಿ ಬರೆದಿದೆ. ‘ಕೀತ್’ ಎಂದರೆ ಬೆಕ್ಕು, ‘ಕಿತ್’ ಎಂದರೆ ತಿಮಿಂಗಿಲ. ‘ಲೀಸ್’ ಎಂದರೆ ಕಾಡು, ‘ಲಿಸ್’ ಎಂದರೆ ನರಿ. ‘ದೀಮ್’ ಎಂದರೆ ಮನೆ, ‘ದಿಮ್’ ಎಂದರೆ ಹೊಗೆ. ಇಂಗ್ಲಿಷಿನಲ್ಲಿ ಕುರಿ ಎಂಬ ಅರ್ಥದ ‘ಶೀಪ್’ ಮತ್ತು ಹಡಗು ಎಂಬ ಅರ್ಥದ ‘ಶಿಪ್’ ಪದಗಳ ಸ್ವರಗಳಲ್ಲಿ ನಾಲಿಗೆಯ ಎತ್ತರವೂ ಬೇರೆಯಾಗುತ್ತದೆ. ಆದ್ದರಿಂದ ಇದರಲ್ಲಿ ಇಂಗ್ಲಿಷರಿಗೆ ನಮಗಿಂತ ಅನುಕೂಲ.

ಎರಡು: ಮೃದು ವ್ಯಂಜನಗಳು. ಇವು ನಮಗೂ ಹೊಸವು, ಇಂಗ್ಲಿಷರಿಗೂ ಹೊಸವು. ‘ಸ’ ನುಡಿಯುವಾಗಲೇ ನಾಲಿಗೆಯ ನಡುಭಾಗವನ್ನು ಅಂಗಳಿನ ಕಡೆಗೆ ಎತ್ತಿದರೆ ‘ಸ’ಕಾರಕ್ಕೆ ಯಕಾರದ ಛಾಯೆ ಬರುತ್ತದೆ. ಇದನ್ನು ‘ಸ್ಯ್’ ಎಂದು ಬರೆಯೋಣ. ಆದರೆ ‘ಸ’ ಮುಗಿದ ಮೇಲೆ ‘ಯ’ ಬರುವುದಲ್ಲ, ಎರಡೂ ಏಕಕಾಲದಲ್ಲಿ ಆಗಬೇಕು. ‘ರಿಸ್’ ಎಂದರೆ ಅಕ್ಕಿ. ‘ರಿಸ್ಯ್’ ಎಂದರೆ ಲಿಂಕ್ಸ್ ಎಂಬ ಕಾಡುಬೆಕ್ಕು. ಅಕ್ಕಿ ಕೇಳಲು ಹೋಗಿ ಕಾಡುಬೆಕ್ಕು ಕೇಳಿದರೆ ಅಂಗಡಿಯವನು ಬೆರಗಾಗದಿರುತ್ತಾನೆಯೇ? ಹಗಲಿನಲ್ಲಿ ಎದುರಾದವರಿಗೆ ‘ದೊಬ್ರಿಯ್ ದೆನ್ಯ್’, ಅಂದರೆ ಶುಭದಿನ ಎಂದು ನಮಸ್ಕರಿಸುತ್ತಾರೆ. ಅದರ ಕೊನೆಯ ನಕಾರವೂ ಮೃದುವೇ.

ಮೂರು: ಪದದ ಕೊನೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಆದ್ದರಿಂದ ‘ಬಸ್’ ಎಂಬುದು ನಮ್ಮ ಬಾಯಲ್ಲಿ ‘ಬಸ್ಸು’ ಆಯಿತು, ‘ಕಾರ್’ ಎಂಬುದು ‘ಕಾರು’ ಆಯಿತು. ಈ ಅಭ್ಯಾಸದಿಂದ ‘ಖ್ಲೀಬ್’ ಎಂಬುದನ್ನು ‘ಖ್ಲೀಬು’ ಎನ್ನಬಾರದು. ‘ಖ್ಲೀಬ್’ನ ಕೊನೆಯ ಬಕಾರ ರಷ್ಯನ್ನಿನಲ್ಲಿ ‘ಪ’ ಆಗುತ್ತದೆ. ಉಕ್ರೇನಿಯನ್ನಿನಲ್ಲಿ ಬಕಾರವಾಗಿಯೇ ಉಳಿಯುತ್ತದೆ. ಅದನ್ನು ಪೂರ್ತಿ ನುಡಿದು ಅಲ್ಲೇ ನಿಲ್ಲಿಸಬೇಕು.

ನಾಲ್ಕು: ಪದದ ಮೊದಲು. ನಾವು ‘ಎಲೆ’ ಎಂದು ಬರೆದು ‘ಯೆಲೆ’ ಎನ್ನುತ್ತೇವೆ, ‘ಒಲೆ’ ಎಂದು ಬರೆದು ‘ವೊಲೆ’ ಎನ್ನುತ್ತೇವೆ. ಉಕ್ರೇನಿಯನ್ನಿನಲ್ಲಿ ‘ಎ’ ಬೇರೆ ಅಕ್ಷರ, ‘ಯೆ’ ಬೇರೆ ಅಕ್ಷರ. ಪರೀಕ್ಷೆಗೆ ‘ಎಕ್‌ಜ಼ಾಮೆನ್’ ಎನ್ನುತ್ತಾರೆ, ‘ಯೆಕ್‌ಜ಼ಾಮೆನ್’ ಅಲ್ಲ. ಆದರೆ ‘ಇದೆ’ ಎಂಬ ಅರ್ಥದಲ್ಲಿ ‘ಯೆ’ ಎಂದೇ ಹೇಳಬೇಕು. ಒಂದು ತಮಾಷೆಯ ಸಂಗತಿ: ಆ ಭಾಷೆಯೂ ಕೆಲವು ಪದಗಳಲ್ಲಿ ನಮ್ಮಂತೆಯೇ ‘ಒ’ಕಾರದ ಹಿಂದೆ ‘ವ’ ಸೇರಿಸಿಕೊಂಡಿದೆ. ಬೆಂಕಿಗೆ ರಷ್ಯನ್ನರು ‘ಒ’ಕಾರದಿಂದ ಆರಂಭವಾಗುವ ಪದವನ್ನು ಬರೆದರೆ ಉಕ್ರೇನಿಯನ್ನರು ‘ವೊಹೊನ್ಯ್’ ಎನ್ನುತ್ತಾರೆ. ಈ ಪದವೂ ಸಂಸ್ಕೃತದ ‘ಅಗ್ನಿ’ಯೂ ಒಂದೇ ಬೇರಿನಿಂದ ಹುಟ್ಟಿದವು.

ಐದು: ‘ಜ಼’ ಮತ್ತು ‘ಝ’. ‘ಸ’ಕಾರಕ್ಕೆ ಕೊರಳಿನ ನಾದ ಸೇರಿದರೆ ಬರುವುದು ‘ಜ಼’. ಇಂಗ್ಲಿಷಿನಲ್ಲಿ ಪ್ರಾಣಿಸಂಗ್ರಹಾಲಯಕ್ಕೆ ಹೇಳುವ ಪದದ ಮೊದಲ ಧ್ವನಿ ಅದು. ‘ಶ’ಕಾರಕ್ಕೆ ನಾದ ಸೇರಿದರೆ ಬರುವುದನ್ನು ಇಲ್ಲಿ ‘ಝ’ ಎಂದು ಬರೆದಿದೆ. ಇದು ನಮ್ಮ ಮಹಾಪ್ರಾಣವಲ್ಲ. ಇಂಗ್ಲಿಷಿನಲ್ಲಿ ‘ಟೆಲಿವಿಷನ್’ ಎನ್ನುವಾಗ ಆ ಭಾಷೆಯವರ ಬಾಯಲ್ಲಿ ನಡುವೆ ಬರುವ ಧ್ವನಿಗೆ ಹತ್ತಿರವಾದದ್ದು. ಹಲ್ಲಿಗೆ ‘ಜ಼ುಬ್’, ಕಪ್ಪೆಗೆ ‘ಝಾಬಾ’. ಎರಡನ್ನೂ ‘ಜ’ ಮಾಡಿಬಿಡುವುದು ನಮ್ಮ ಸಾಮಾನ್ಯ ದೋಷ. ಕೊರಳಿನ ಮೇಲೆ ಬೆರಳಿಟ್ಟು ‘ಸ್ಸ್ಸ್’ ಎನ್ನುತ್ತಾ ನಡುವೆ ನಾದವನ್ನು ಸೇರಿಸಿ ನೋಡಿರಿ. ನಾಲಿಗೆ ಅಲುಗದೆ ಧ್ವನಿ ಮಾತ್ರ ಬದಲಾಗುವುದು ತಿಳಿಯುತ್ತದೆ.

ಆರು: ಸ್ವರಾಘಾತ. ಪದದ ಒಂದು ಸ್ವರವನ್ನು ಒತ್ತಿ ನುಡಿಯುವುದಕ್ಕೆ ಸ್ವರಾಘಾತ ಎನ್ನುತ್ತಾರೆ. ಕನ್ನಡದಲ್ಲಿ ಇದರಿಂದ ಪದದ ಅರ್ಥ ಬದಲಾಗುವುದಿಲ್ಲ. ನಮ್ಮಲ್ಲಿ ಅರ್ಥವನ್ನು ಬದಲಿಸುವುದು ಸ್ವರದ ಉದ್ದ: ‘ಬಳೆ’ ಬೇರೆ, ‘ಬಾಳೆ’ ಬೇರೆ. ಉಕ್ರೇನಿಯನ್ನಿನಲ್ಲಿ ‘ಮುಕಾ’ ಎಂಬ ಪದದಲ್ಲಿ ‘ಮು’ವನ್ನು ಒತ್ತಿದರೆ ಯಾತನೆ, ‘ಕಾ’ವನ್ನು ಒತ್ತಿದರೆ ಹಿಟ್ಟು! ಯಾವ ಸ್ವರವನ್ನು ಒತ್ತಬೇಕೆಂಬುದಕ್ಕೆ ಸುಲಭವಾದ ಒಂದು ನಿಯಮವಿಲ್ಲ. ಪ್ರತಿ ಪದವನ್ನೂ ಅದರ ಆಘಾತದೊಡನೆ ಕಲಿಯಬೇಕು, ಮಗ್ಗಿ ಕಲಿತಂತೆ.

ಎರಡು ಪದದ ಒಂದು ಪ್ರಶ್ನೆ

ಮೇಲಿನ ನಿಯಮಗಳೆಲ್ಲ ಒಂದೆಡೆ ಕೂಡುವುದನ್ನು ಆಸ್ಪತ್ರೆಯ ಒಂದು ಪ್ರಶ್ನೆಯಲ್ಲಿ ನೋಡಬಹುದು. ‘ಎಲ್ಲಿ ನೋಯುತ್ತದೆ?’ ಎಂಬುದಕ್ಕೆ ಉಕ್ರೇನಿಯನ್ನಿನಲ್ಲಿ ‘ದೆ ಬೊಲಿತ್ಯ್?’ ಎನ್ನುತ್ತಾರೆ. ‘ದೆ’ ದಂತ್ಯ, ನಮ್ಮದೇ. ‘ಬೊ’ದಲ್ಲಿ ‘ಒ’ ಸ್ಪಷ್ಟ. ‘ಲಿ’ಯಲ್ಲಿ ನಾಲಿಗೆ ತಗ್ಗಿದ ‘ಇ’, ಆಘಾತವೂ ಅದರ ಮೇಲೆಯೇ. ಕೊನೆಯಲ್ಲಿ ಮೃದುವಾದ ತಕಾರ. ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಓದುವವನು ‘ಡೇ ಬೋಲಿಟ್’ ಎನ್ನುತ್ತಾನೆ. ಕನ್ನಡಿಗನು ಅವಸರ ಮಾಡಿ ನಾಲಿಗೆಯನ್ನು ಮೇಲಕ್ಕೆತ್ತಿ, ತಕಾರವನ್ನೂ ಗಟ್ಟಿ ಮಾಡಿ ‘ಬೊಲೀತ್’ ಎಂದರೆ ಅದು ಬೇರೆಯೇ ಪದ. ಅದಕ್ಕೆ ‘ಜೌಗು ನೆಲಗಳ’ ಎಂದು ಅರ್ಥ. ನೋವನ್ನು ಕೇಳಹೋದವನು ಕೆಸರನ್ನು ಕೇಳಿದ ಹಾಗಾಯಿತು. ಸರಿಯಾಗಿ ಕೇಳಿದರೆ ಅಜ್ಜಿ ‘ಬೊಲಿತ್ಯ್ ಹೊಲೊವಾ’, ತಲೆ ನೋಯುತ್ತದೆ, ಎಂದು ಉತ್ತರಿಸುತ್ತಾಳೆ. ಸಂದರ್ಭದಿಂದ ತಪ್ಪನ್ನೂ ಅರ್ಥ ಮಾಡಿಕೊಳ್ಳುವ ಸಹನೆ ಜನರಲ್ಲಿ ಇದೆ, ನಿಜ. ಆದರೂ ತನ್ನ ನುಡಿಯನ್ನು ತನ್ನಂತೆಯೇ ನುಡಿಯುವ ವೈದ್ಯನ ಮುಂದೆ ರೋಗಿಯ ಮನಸ್ಸು ಬೇಗ ಬಿಚ್ಚಿಕೊಳ್ಳುತ್ತದೆ. ಲೀಕಾರ್, ಎಂದರೆ ವೈದ್ಯ, ಎಂಬ ಹೆಸರಿಗೆ ಅದು ಒಪ್ಪುವ ಗುಣ.

ಒಂದು ಅಕ್ಷರದ ಕಥೆ

ಉಕ್ರೇನಿಯನ್ನರು ತಮ್ಮ ಉಚ್ಚಾರಣೆಯ ವಿಷಯದಲ್ಲಿ ಇಷ್ಟು ಎಚ್ಚರದಿಂದಿರಲು ಕಾರಣವಿದೆ. ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿ, 1876ರಲ್ಲಿ, ಉಕ್ರೇನಿಯನ್ ಭಾಷೆಯಲ್ಲಿ ಪುಸ್ತಕ ಮುದ್ರಿಸುವುದಕ್ಕೆ ಬಹುಮಟ್ಟಿಗೆ ನಿಷೇಧ ಹಾಕಲಾಯಿತು. ಸೋವಿಯತ್ ಕಾಲದಲ್ಲಿ, 1933ರಲ್ಲಿ, ಅವರ ವರ್ಣಮಾಲೆಯಿಂದ ‘ಗ’ ಎಂಬ ಅಕ್ಷರವನ್ನೇ ತೆಗೆದುಹಾಕಲಾಯಿತು. ‘ಹ’ಕ್ಕೂ ‘ಗ’ಕ್ಕೂ ಒಂದೇ ಅಕ್ಷರ ಉಳಿಯಿತು. ‘ಹ್ರಾತಿ’ ಎಂದರೆ ಆಡುವುದು, ‘ಗ್ರಾತಿ’ ಎಂದರೆ ಕಿಟಕಿಯ ಕಂಬಿಗಳು; ಬರವಣಿಗೆಯಲ್ಲಿ ಎರಡೂ ಒಂದಾಗಿಬಿಟ್ಟವು. ಆ ಅಕ್ಷರ ಮರಳಿ ಬಂದದ್ದು 1990ರಲ್ಲಿ, ದೇಶ ಸ್ವತಂತ್ರವಾಗುವುದಕ್ಕೆ ಒಂದು ವರ್ಷ ಮುಂಚೆ. ಐವತ್ತೇಳು ವರ್ಷ ಪುಸ್ತಕದಲ್ಲಿ ಇಲ್ಲದಿದ್ದರೂ ಜನರ ಬಾಯಲ್ಲಿ ಆ ಧ್ವನಿ ಉಳಿದಿತ್ತು. ಆದ್ದರಿಂದಲೇ ಅಕ್ಷರಕ್ಕೆ ಮರಳಿ ಬರಲು ಮನೆ ಇತ್ತು.

ರಾಜ್ಯದ ಗಡಿಯಲ್ಲಿ, ಅನ್ಯಭಾಷೆಯ ನಾಡಿನಲ್ಲಿ ಕನ್ನಡ ಶಾಲೆಗೆ ಬರುವ ನಾವು ಈ ಕಥೆಯಿಂದ ತಿಳಿಯಬೇಕಾದ್ದು ಇದೆ. ಭಾಷೆ ಉಳಿಯುವುದು ಮೊದಲು ಮನೆಯ ಮಾತಿನಲ್ಲಿ, ಆಮೇಲೆ ಪುಸ್ತಕದಲ್ಲಿ.

ಅಭ್ಯಾಸ ಹೇಗೆ?

ಯಾವ ಹೊಸ ಭಾಷೆಗಾದರೂ ಈ ಕ್ರಮ ಸಲ್ಲುತ್ತದೆ. ಮೊದಲು ಕೇಳಬೇಕು, ಕೇಳದ ಧ್ವನಿಯನ್ನು ನುಡಿಯಲಾಗದು. ಎರಡನೆಯದಾಗಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳದೆ ಕನ್ನ­ಡದಲ್ಲಿ ಬರೆದುಕೊಳ್ಳಬೇಕು. ಕನ್ನಡದಲ್ಲಿ ಇಲ್ಲದ ಧ್ವನಿಗೆ ಮಾತ್ರ ನೀವೇ ಒಂದು ಗುರುತು ಮಾಡಿಕೊಳ್ಳಿರಿ. ಮೂರನೆಯದಾಗಿ, ಕನ್ನಡಿಯ ಮುಂದೆ ತುಟಿಯನ್ನೂ, ಬೆರಳಿಟ್ಟು ಕೊರಳನ್ನೂ, ಕಾಗದದ ಚೂರಿನಿಂದ ಉಸಿರನ್ನೂ ಪರೀಕ್ಷಿಸಬೇಕು. ನಾಲ್ಕನೆಯದಾಗಿ, ‘ಕೀತ್, ಕಿತ್’ನಂತಹ ಜೋಡಿಪದಗಳನ್ನು ಗೆಳೆಯನಿಗೆ ಓದಿ ಹೇಳಿ, ಯಾವುದನ್ನು ಓದಿದೆನೆಂದು ಅವನಿಂದ ಹೇಳಿಸಬೇಕು. ಮನೆಯಲ್ಲಿ ಮೊಬೈಲು ಇದ್ದರೆ ನಿಮ್ಮ ಧ್ವನಿಯನ್ನು ಅದರಲ್ಲಿ ಹಿಡಿದು ಮೂಲದೊಡನೆ ಹೋಲಿಸಿರಿ. ದಿನಕ್ಕೆ ಹತ್ತು ನಿಮಿಷ ಸಾಕು. ಆದರೆ ದಿನವೂ ಆಗಬೇಕು.

ಪೋಷಕರಲ್ಲಿ ಒಂದು ಮಾತು

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಮುಂದೆ ಪರಭಾಷೆ ಹತ್ತುವುದಿಲ್ಲ ಎಂಬ ಅಂಜಿಕೆ ಅನೇಕ ತಂದೆತಾಯಿಗಳಲ್ಲಿ ಇದೆ. ಇಂಗ್ಲಿಷ್ ಕಲಿಯಲೇಬೇಕು, ಚೆನ್ನಾಗಿಯೇ ಕಲಿಯಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಲೋಕದ ಎಲ್ಲ ಭಾಷೆಗಳಿಗೂ ಇಂಗ್ಲಿಷೇ ಹೆಬ್ಬಾಗಿಲು ಎಂದು ತಿಳಿಯಬೇಕಾಗಿಲ್ಲ. ಸಾವಿರಾರು ಮೈಲಿ ಆಚೆಯ ಒಂದು ನುಡಿಗೆ ಕನ್ನಡದ ವರ್ಣಮಾಲೆಯಿಂದಲೂ, ತೆಲುಗಿನ ಚಕಾರದಿಂದಲೂ, ಉರ್ದುವಿನ ಖಕಾರದಿಂದಲೂ ನೇರವಾದ ದಾರಿ ಇರುವುದನ್ನು ಮೇಲೆ ನೋಡಿದೆವು. ಮಗು ಮನೆಯಲ್ಲಿ ಕನ್ನಡವನ್ನು ಸ್ಪಷ್ಟವಾಗಿ ನುಡಿಯುವಂತೆ ನೋಡಿಕೊಳ್ಳಿರಿ. ಪಕ್ಕದ ಮನೆಯ ತೆಲುಗನ್ನೂ ಉರ್ದುವನ್ನೂ ಅಣಕಿಸದೆ ಆದರದಿಂದ ಕಲಿಯಲು ಬಿಡಿರಿ. ನಾಲಿಗೆ ಎಳೆಯದಾಗಿರುವಾಗ ಕೂಡಿಟ್ಟ ಧ್ವನಿಗಳು ಮುಂದೆ ಎಲ್ಲಿಗೆ ಹೋದರೂ ಜೊತೆಗೆ ಬರುತ್ತವೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಯಾರು ಯಾವ ದೇಶಕ್ಕೆ ಹೋಗುವಿರೋ, ಯಾವ ನುಡಿಯವರ ನಡುವೆ ಬಾಳುವಿರೋ ಹೇಳಬಲ್ಲವರಾರು? ಹೋದ ಕಡೆಯಲ್ಲಿ ಮೊದಲು ಅಲ್ಲಿನವರ ಹೆಸರುಗಳನ್ನು ಅವರು ಹೇಳುವಂತೆಯೇ ಹೇಳಲು ಕಲಿಯಿರಿ. ಉಪಕಾರ ಪಡೆದಾಗ ಅವರ ಮಾತಿನಲ್ಲೇ ವಂದನೆ ಹೇಳಿರಿ. ಉಕ್ರೇನಿಯನ್ನಿನಲ್ಲಿ ಅದಕ್ಕೆ ‘ದ್ಯಾಕುಯು’ ಎನ್ನುತ್ತಾರೆ. ದಕಾರ ಮೃದು, ಆಘಾತ ಮೊದಲ ಅಕ್ಷರದ ಮೇಲೆ. ಈಗಲೇ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿರಿ.